ಪೈಪು, ಬಿದಿರು ಮತ್ತೆ ನಾಲ್ಕು ದಿನದ ಬೆಂಗಳೂರು

ಈ ಸಲ ದಸರಾ ರಜೆಗೆ ಅಕ್ಕನ ಮಗನ್ನ ಬೆಂಗಳೂರು ತೋರ್ಸೋ ಡ್ಯೂಟಿ ನನ್ ತಲೆಗೆ ಬಿತ್ತು. ಒಂಬತ್ತನೇ ಕ್ಲಾಸು. ಬೇರೆ ಹುಡುಗ್ರು ಮಾಲು, ವಾಟರ್ ಪಾರ್ಕು ಅಂತ ಹಟ ಮಾಡ್ತಾರಲ್ಲ, ಇವನ ಹುಚ್ಚೇ ಬೇರೆ, ಟ್ಯಾಂಕು. ಅದೂ ಅಮೆರಿಕ ರಷ್ಯಾದ್ದಲ್ಲ, ಅವೆಲ್ಲ ಎಲ್ರಿಗೂ ಗೊತ್ತು ಮಾಮ ಅಂತಾನೆ, ಸಣ್ಣ ಸಣ್ಣ ದೇಶದ ಮಿಲಿಟ್ರೀಲಿ ಏನೇನಿದೆ ಅಂತ 200 ಪೇಜಿನ ಒಂದು ನೋಟ್‌ಬುಕ್ ತುಂಬಾ ಬರ್ಕೊಂಡಿದಾನೆ. ರೈಲಲ್ಲಿ ತೆಗೆದು ನೋಡಿದ್ರೆ ಐರ್ಲೆಂಡ್, ಟ್ಯಾಂಕ್ ಸೊನ್ನೆ. ಎಸ್ಟೋನಿಯಾ, ಟ್ಯಾಂಕ್ ಸೊನ್ನೆ. ಲಕ್ಸೆಂಬರ್ಗ್ ಸೊನ್ನೆ, ಭೂತಾನ್ ಸೊನ್ನೆ. ಸೊನ್ನೆ ಬರ್ಕೊಳ್ಳೋಕೆ ಇಷ್ಟು ದೊಡ್ಡ ಪುಸ್ತಕ ಯಾಕೋ ಮಾರಾಯ ಅಂದೆ. ಸೊನ್ನೆ ಇರೋರು ಹೆಂಗೆ ಫೈಟ್ ಮಾಡ್ತಾರೆ ಅನ್ನೋದೇ ನನ್ ಪ್ರಾಜೆಕ್ಟು ಅಂದ. ನಂಗೆ ಮಾತೇ ಬರ್ಲಿಲ್ಲ.

ನಮ್ದು ಹೊಸನಗರ ತಾಲ್ಲೂಕು. ನಗರ ಕೋಟೆ ಹತ್ರ ಒಂದು ಪಾಳುಬಾವೀಲಿ 2018ರಲ್ಲಿ ಟಿಪ್ಪು ಕಾಲದ ಸಾವಿರಕ್ಕೂ ಜಾಸ್ತಿ ರಾಕೆಟ್ ಸಿಕ್ಕಿದ್ದು ನೆನಪಿರ್ಬಹುದು, ಬಾವಿ ಮಣ್ಣು ಮದ್ದಿನ ವಾಸನೆ ಹೊಡೀತಿತ್ತು ಅಂತ ಅಗೆದಿದ್ದು. ಅದನ್ನ ಶಿವಮೊಗ್ಗ ಮ್ಯೂಸಿಯಮ್ಮಲ್ಲಿ ನೋಡಿದ್ಮೇಲೇ ಇವನಿಗೆ ಈ ಹುಚ್ಚು ಹತ್ತಿದ್ದು. ಅಂದ್ರೆ ತಪ್ಪು ನಂದೇ, ಕರ್ಕೊಂಡು ಹೋಗಿದ್ದು ನಾನು.

ಮೊದಲನೇ ದಿನ

ರಾತ್ರಿ ಸಾಗರದಲ್ಲಿ ರೈಲು ಹತ್ತಿ ಬೆಳಗಿನ ಜಾವ ಇಳಿದ್ವಿ, ರಾಜಾಜಿನಗರದಲ್ಲಿ ದೊಡ್ಡಪ್ಪನ ಮಗನ ಮನೆ, ಸ್ನಾನ ತಿಂಡಿ ಮುಗಿಸಿ ಸೀದಾ ಮೆಟ್ರೋ ಹತ್ತಿ ಕೆ.ಆರ್. ಮಾರ್ಕೆಟ್. ಹೂವಿನ ಮಾರ್ಕೆಟ್ ಕಡೆ ತಿರುಗಿಯೂ ನೋಡ್ಲಿಲ್ಲ ಹುಡುಗ, ಕೋಟೆ ಎಲ್ಲಿ ಕೋಟೆ ಎಲ್ಲಿ ಅಂತ ಒಂದೇ ವರಾತ.

ಕೋಟೆ ಅಂದ್ರೆ ಈಗ ಉಳಿದಿರೋದು ಒಂದು ಬಾಗಿಲು, ಸ್ವಲ್ಪ ಗೋಡೆ, ಒಳಗೊಂದು ಗಣಪತಿ ದೇವಸ್ಥಾನ, ಅಷ್ಟೇ. ಕೆಂಪೇಗೌಡರ ಕಾಲದಲ್ಲಿ ಮಣ್ಣಿನದಿತ್ತು, ಹೈದರಾಲಿ 1761ರಲ್ಲಿ ಕಲ್ಲಲ್ಲಿ ಕಟ್ಟಿಸಿದ್ದು. ಹೊರಗಡೆ ಗೋಡೆ ಮೇಲೆ ಒಂದು ಹಲಗೆ ಇದೆ, ಬ್ರಿಟಿಷರು ಈ ಬಿರುಕಿನಿಂದಲೇ ನುಗ್ಗಿದ್ರು, 1791 ಮಾರ್ಚ್ 21 ಅಂತ. ಟಿಪ್ಪು ಮೇಲೆ ಯುದ್ಧಕ್ಕೆ ಬಂದ ಗವರ್ನರ್ ಜನರಲ್ ಕಾರ್ನ್‌ವಾಲಿಸ್ ಸೈನ್ಯ ಅದು. ಕಿಲ್ಲೇದಾರ್ ಅಂದ್ರೆ ಕೋಟೆ ಅಧಿಕಾರಿ ಬಹದ್ದೂರ್ ಖಾನ್ ಹೋರಾಡ್ತಾ ಅಲ್ಲೇ ಸತ್ತ. ಹುಡುಗ ಹಲಗೆ ಕೆಳಗೆ ನಿಂತು ಗೋಡೆ ದಪ್ಪ ಎಷ್ಟಿರ್ಬಹುದು ಅಂತ ಮೊಳ ಹಾಕ್ತಿದ್ದ, ಪಕ್ಕದಲ್ಲಿ ಬಿಎಂಟಿಸಿ ಬಸ್ಸು ಹಾರ್ನ್ ಮೇಲೆ ಹಾರ್ನು, ಸೆಕ್ಯುರಿಟಿ ಅಣ್ಣ ಒಬ್ರು ಏನಪ್ಪ ಇಂಜಿನಿಯರ್ರಾ ಅಂತ ಕೇಳಿ ನಕ್ರು.

ಆಮೇಲೆ ಅಸಲಿ ಕೆಲ್ಸ. ತಾರಾಮಂಡಲಪೇಟೆ ಹುಡುಕೋದು. ಇದು ಎಷ್ಟು ಜನಕ್ಕೆ ಗೊತ್ತೋ ಏನೋ, ಟಿಪ್ಪು ಕಾಲದಲ್ಲಿ ರಾಕೆಟ್ ಮಾಡೋ ಕಸುಬಿನವರು ಇದ್ದ ಪೇಟೆಗೆ ತಾರಾಮಂಡಲಪೇಟೆ ಅಂತಿದ್ರು, ಶ್ರೀರಂಗಪಟ್ಟಣ, ಬೆಂಗಳೂರು, ಚಿತ್ರದುರ್ಗ, ಮತ್ತೆ ನಮ್ಮ ಬಿದನೂರು ಅಂದ್ರೆ ನಗರ, ನಾಲ್ಕು ಕಡೆ. ಬೆಂಗಳೂರಲ್ಲಿ ಹೆಸರು ಇನ್ನೂ ಉಳ್ಕೊಂಡಿದೆ. ಇಬ್ರು ಮೂವರನ್ನ ಕೇಳ್ಕೊಂಡು ಗಲ್ಲಿ ಗಲ್ಲಿ ದಾಟಿ ಹೋದ್ರೆ ಅದೇ ಪೇಟೆ ಬೀದಿ, ತಳ್ಳುಗಾಡಿ, ಟೆಂಪೋ, ತಲೆ ಮೇಲೆ ಬಂಡಲ್ ಹೊತ್ತ ಹಮಾಲಿಗಳು, ಸೈಡು ಸೈಡು ಅನ್ನೋ ಕೂಗು. ರಾಕೆಟ್ಟೂ ಇಲ್ಲ ತಾರೆಯೂ ಇಲ್ಲ. ಒಂದು ಅಂಗಡಿ ಬೋರ್ಡಲ್ಲಿ ಅಡ್ರೆಸ್ ಜೊತೆ ಆ ಹೆಸರು ಕಂಡಿದ್ದಕ್ಕೇ ಹುಡುಗ ನಾಲ್ಕು ಫೋಟೋ ಹೊಡ್ಕೊಂಡ.

ರಾಕೆಟ್ಟಲ್ಲಿ ದೊಡ್ಡ ವಿದ್ಯೆ ಏನಿತ್ತು ಅಂದ್ರೆ ಕಬ್ಬಿಣದ ಕೊಳವೆ. ಮದ್ದು ತುಂಬಿ ಹಾರ್ಸೋದು ಎಲ್ಲ ಕಡೆ ಇತ್ತು, ಆದ್ರೆ ಕೊಳವೆ ಕಾಗದದ್ದೋ ಬಿದಿರಿನದ್ದೋ ಆದ್ರೆ ಮದ್ದು ಜೋರಾಗಿ ಉರಿದ ತಕ್ಷಣ ಒಡೆದು ಹೋಗ್ತದೆ. ಕಬ್ಬಿಣ ಆದ್ರೆ ಒತ್ತಡ ತಡೀತದೆ, ಹಿಂದಿನ ಸಣ್ಣ ತೂತಿಂದ ಹೊಗೆ ಬೆಂಕಿ ರಭಸವಾಗಿ ನುಗ್ತದೆ, ಅದಕ್ಕೇ ದೂರ ಹೋಗ್ತದೆ. ಆ ಕೊಳವೆಗೆ ನಾಲ್ಕಡಿಗೂ ಉದ್ದದ ಬಿದಿರು ಕಡ್ಡಿ ಕಟ್ಟೋದು, ಬಾಲದ ಥರ, ದಿಕ್ಕು ತಪ್ಪದೆ ಹೋಗ್ಲಿ ಅಂತ. ಅಷ್ಟೇ ಸಾಮಾನು. ಈ ಪೈಪು ಬಿದಿರಿಂದ 1780ರಲ್ಲಿ ಕಾಂಚೀಪುರದ ಹತ್ರ ಪೊಳ್ಳಿಲೂರಲ್ಲಿ ಬ್ರಿಟಿಷರ ಕರ್ನಲ್ ಬೈಲಿಯ ಮದ್ದಿನ ಗಾಡಿಗಳು ಹೊತ್ತಿ ಉರಿದವು ಅಂತಾರೆ. 1799ರಲ್ಲಿ ಶ್ರೀರಂಗಪಟ್ಟಣದ ಹತ್ರ ಸುಲ್ತಾನ್‌ಪೇಟೆ ತೋಪಲ್ಲಿ ರಾತ್ರಿ ಹೊತ್ತು ರಾಕೆಟ್ ಏಟಿಗೆ ಹಿಂದೆ ಓಡಿ ಬಂದಿದ್ದು ಕರ್ನಲ್ ವೆಲ್ಲೆಸ್ಲಿ, ಆಮೇಲೆ ನೆಪೋಲಿಯನ್ನನ್ನೇ ಸೋಲ್ಸಿದ ಡ್ಯೂಕ್ ಆಫ್ ವೆಲಿಂಗ್ಟನ್ ಇದಾನಲ್ಲ, ಅವನೇ. ಪಟ್ಟಣ ಬಿದ್ಮೇಲೆ ಅಲ್ಲಿ ಸಿಕ್ಕಿದ ಖಾಲಿ ರಾಕೆಟ್ ಕೊಳವೆಗಳೇ 9,000 ಅಂತ ಲೆಕ್ಕ. ಅದರಲ್ಲಿ ಕೆಲವು ಇಂಗ್ಲೆಂಡಿನ ವೂಲ್‌ವಿಚ್ ಆಯುಧ ಕಾರ್ಖಾನೆಗೆ ಹೋದ್ವು, ಅದನ್ನ ನೋಡಿ ಕಾಂಗ್ರೀವ್ ಅನ್ನೋನು ತನ್ನ ರಾಕೆಟ್ ಮಾಡ್ದ. ಹೆಸರು ಅವನಿಗೆ ಬಂತು, ಇರ್ಲಿ ಬಿಡಿ.

ವಾಪಸ್ ಬರ್ತಾ ಎಸ್.ಜೆ.ಪಿ. ರೋಡಲ್ಲಿ ಹುಡುಗ ನಿಂತೇ ಬಿಟ್ಟ. ಹಾರ್ಡ್‌ವೇರ್ ಅಂಗಡಿ ಮುಂದೆ ಸಾಲಾಗಿ ಪೈಪು ನಿಲ್ಸಿದ್ರು. ಮಾಮ ನಂಗೊಂದು ಪೀಸ್ ಬೇಕು ಅಂದ. ಅಂಗಡಿಯವ್ರು ಎಷ್ಟಿಂಚು ಅಂದ್ರು. ಒಂಬತ್ತೋ ಹತ್ತೋ ಅಂದ. ನಗರದ ಬಾವೀಲಿ ಸಿಕ್ಕಿದ್ದು 23ರಿಂದ 26 ಸೆಂಟಿಮೀಟರು, ಅದನ್ನ ಇಂಚಿಗೆ ತಿರುಗಿಸಿ ಇಟ್ಕೊಂಡೇ ಬಂದಿದಾನೆ ಕಳ್ಳ. ಜಿಐ ಬೇಕೋ ಎಂಎಸ್ಸೋ, ಯಾತಕ್ಕೆ ಅಂತ ಕೇಳಿದ್ರು. ರಾಕೆಟ್ಟಿಗೆ ಅಂದ. ಅವ್ರು ತಲೆ ಎತ್ತಿ ಮೊದ್ಲು ಅವನ್ನ ನೋಡಿದ್ರು, ಆಮೇಲೆ ನನ್ನ ನೋಡಿದ್ರು. ದೀಪಾವಳೀಗಾ? ಅಲ್ಲ ಸಾರ್ ಸ್ಕೂಲ್ ಪ್ರಾಜೆಕ್ಟು ಅಂತ ನಾನು ಅಡ್ಡ ಬಿದ್ದೆ. ಕಟಿಂಗ್ ಮೆಷಿನ್ ಕಿರ್ರ್ ಅಂತು, ಕಿಡಿ ಹಾರ್ತು, ಬಿಸಿ ಬಿಸಿ ಪೀಸನ್ನ ಕೆಳಗೆ ಹಾಕಿ ಕಾಲಲ್ಲಿ ಉರುಳಿಸಿ, ಅಂಚಿಗೆ ಅರ ಹಾಕಿ ನ್ಯೂಸ್ ಪೇಪರಲ್ಲಿ ಸುತ್ತಿ ಕೊಟ್ರು. ಅರವತ್ತು ರೂಪಾಯಿ. ಹುಡುಗ ಅದನ್ನ ಬಾಯಿ ಹತ್ರ ಇಟ್ಕೊಂಡು ಊದ್ಕೊಂಡು ಬಂದ ಮನೆ ತನಕ.

ಎರಡನೇ ದಿನ

ಇವತ್ತು ಜೆ.ಸಿ. ನಗರ. ಮೈಸೂರು ಲ್ಯಾನ್ಸರ್ಸ್ ಸ್ಮಾರಕ ಅಂದೆ ಆಟೋದವನಿಗೆ. ಹೊಸ ಅಪಾರ್ಟ್‌ಮೆಂಟಾ ಸಾರ್ ಅಂದ. ಅಲ್ಲ, ಮಿಲಿಟ್ರಿ ಸ್ಮಾರಕ. ಹತ್ತಿ ಹತ್ತಿ ಅಂತ ಹತ್ತಿಸ್ಕೊಂಡು ಮೂರು ಸುತ್ತು ಹೊಡ್ಸಿ, ಕೊನೆಗೆ ನಾವೇ ಇಳಿದು ಟೀ ಅಂಗಡೀಲಿ ಕೇಳಿ ನಡ್ಕೊಂಡು ಹೋದ್ವಿ. ಮೀಟರ್ ಬಗ್ಗೆ ಹೇಳೋದು ಬೇಡ, ಬಿಪಿ ಏರ್ತದೆ.

ರೋಡ್ ತುಂಬಾ ಗಾಡಿ, ಪಕ್ಕದಲ್ಲಿ ಕಲ್ಲಿನ ಸ್ಮಾರಕ, ಕಲ್ಲಲ್ಲಿ ಸತ್ತವರ ಹೆಸರು. ಒಂದು ನಿಮಿಷ ನಿಂತ್ರೆ ಸಾಕು ನೋಡಿ ಮುಗೀತದೆ. ನಾವು ಮುಕ್ಕಾಲು ಗಂಟೆ ಇದ್ವಿ. ಹುಡುಗ ಹೆಸರುಗಳನ್ನ ಒಂದೊಂದೇ ಓದ್ತಾ ಹೋದ, ನಾನು ಕಥೆ ಹೇಳ್ತಾ ಹೋದೆ.

ಮೈಸೂರು ಸಂಸ್ಥಾನಕ್ಕೆ ತನ್ನದೇ ಒಂದು ಪುಟ್ಟ ಸೈನ್ಯ ಇತ್ತು. ಮೊದಲನೇ ಮಹಾಯುದ್ಧ ಶುರುವಾದಾಗ ನಾಲ್ವಡಿಯವರ ಕಾಲ, ಮೈಸೂರು ಲ್ಯಾನ್ಸರ್ಸ್ ಅಂದ್ರೆ ಈಟಿ ಹಿಡಿದ ಕುದುರೆ ಪಡೆ ಈಜಿಪ್ಟಿಗೆ ಹೋಯ್ತು, ಅಲ್ಲಿಂದ ಪ್ಯಾಲೆಸ್ಟೈನು. ಜೋಧ್‌ಪುರದವರು ಹೈದರಾಬಾದಿನವರು ಇವ್ರು ಎಲ್ಲ ಸೇರಿ 15ನೇ ಇಂಪೀರಿಯಲ್ ಸರ್ವಿಸ್ ಕ್ಯಾವಲ್ರಿ ಬ್ರಿಗೇಡು. ದೆಹಲೀಲಿ ತೀನ್ ಮೂರ್ತಿ ಅಂತ ಮೂರು ಸೈನಿಕರು ನಿಂತಿದಾರಲ್ಲ, ಆ ಮೂರರಲ್ಲಿ ಒಬ್ಬ ನಮ್ಮವನು. ಜನ ಅಲ್ಲಿ ಸೆಲ್ಫಿ ತಗೋತಾರೆ, ಇಲ್ಲಿ ಜೆ.ಸಿ. ನಗರದಲ್ಲಿ ಟೀ ಅಂಗಡಿ ಕೇಳ್ಕೊಂಡು ಬರ್ಬೇಕು.

ಹೈಫಾ ಅಂತ ಈಗಿನ ಇಸ್ರೇಲಲ್ಲಿ ಸಮುದ್ರ ತೀರದ ಊರು. ಟರ್ಕಿಯವರ ಕೈಲಿತ್ತು. 1918 ಸೆಪ್ಟೆಂಬರ್ 22, ಶತ್ರು ಊರು ಖಾಲಿ ಮಾಡಿದಾನೆ ಅಂತ ಸುದ್ದಿ ನಂಬಿ ಬ್ರಿಟಿಷರು ಆರ್ಮರ್ಡ್ ಕಾರುಗಳನ್ನ ಕಳ್ಸಿದ್ರು. ಉಕ್ಕಿನ ಮೈ, ಮೆಷಿನ್ ಗನ್ನು, ಆ ಕಾಲಕ್ಕೆ ಅದು ಹೊಸ ಸಾಮಾನೇ. ಊರ ಹತ್ರ ಹೋದ್ರೆ ಖಾಲಿ ಎಲ್ಲಿ ಬಂತು, ಕಾರ್ಮೆಲ್ ಬೆಟ್ಟದ ಮೇಲಿಂದ ಫಿರಂಗಿ ಗುಂಡಿನ ಮಳೆ. ರಸ್ತೆ ಬಿಟ್ಟು ಕಾರು ಆಚೀಚೆ ಹೋಗೋ ಹಾಗಿಲ್ಲ, ಒಂದು ಕಡೆ ಬೆಟ್ಟ, ಇನ್ನೊಂದು ಕಡೆ ಕಿಶೋನ್ ಹೊಳೆ. ವಾಪಸ್ ಬಂದ್ವು.

ಮಾರನೇ ದಿನ ಕುದುರೆಯವರ ಸರದಿ. ಮೈಸೂರಿನ ಒಂದು ತುಕಡಿಯನ್ನ ಬೆಟ್ಟ ಹತ್ತಿ ಮೇಲಿರೋ ಫಿರಂಗಿ ಹಿಡೀರಿ ಅಂತ ಕಳ್ಸಿದ್ರು. ಕಡಿದಾದ ಬೆಟ್ಟ, ಕುದುರೆಗಳು ಸುಸ್ತು, ಹಿಂದೆಯಿಂದ ಇಂಗ್ಲಿಷರ ಒಂದು ತುಕಡಿ ಸಹಾಯಕ್ಕೆ ಬಂತು. ಮಧ್ಯಾಹ್ನ ಎರಡರ ಹೊತ್ತಿಗೆ ಕೆಳಗೆ ಜೋಧ್‌ಪುರದವರು ಮೇಜರ್ ದಳಪತ್ ಸಿಂಗ್ ಜೊತೆ ಚಾರ್ಜ್ ಶುರು ಮಾಡಿದ್ರು. ಹೊಳೆ ದಾಟೋಣ ಅಂತ ಹೋದ್ರೆ ದಡದ ಮರಳು ಕುದುರೆಗಳನ್ನೇ ನುಂಗ್ತು, ಗುಂಡಿನ ನಡುವೆಯೇ ಎಡಕ್ಕೆ ತಿರುಗಿ ಊರ ಕಡೆ ನುಗ್ಗಿದ್ರು. ದಳಪತ್ ಸಿಂಗ್ ಗುಂಡು ತಗುಲಿ ತೀರಿಕೊಂಡ್ರು. ಉಳಿದ ಮೈಸೂರಿನವರು ಪೂರ್ವದ ಕಡೆಯಿಂದ ಗುಂಡು ಹಾರ್ಸಿ ಸಪೋರ್ಟ್ ಕೊಡ್ತಿದ್ದೋರು, ಆಮೇಲೆ ಕುದುರೆ ಹತ್ತಿ ಅವರ ಹಿಂದೆಯೇ ಊರೊಳಗೆ. ಮೂರು ಗಂಟೆಗೆಲ್ಲ ಮುಗೀತು. ಸಿಕ್ಕಿಬಿದ್ದೋರು 1,350 ಜನ, ಫಿರಂಗಿ 17, ಮೆಷಿನ್ ಗನ್ 11.

ಹುಡುಗನ ಕಣ್ಣು ಹೊಳೀತಿತ್ತು. ಆರ್ಮರ್ಡ್ ಕಾರ್ ಸೊನ್ನೆ, ಈಟಿ ಒಂದು ಅಂದ. ನಾನು ಅಲ್ಲಪ್ಪ ತಡಿ, ಬರೀ ಈಟಿ ಅಲ್ಲ, ಹಿಂದೆ ಫಿರಂಗಿ ಇತ್ತು, ಮೆಷಿನ್ ಗನ್ ಇತ್ತು, ಬೆಟ್ಟದ ಮೇಲೆ ಹತ್ತಿದವರು ಆ ಗನ್ನುಗಳನ್ನ ಹಿಡೀದೇ ಇದ್ದಿದ್ರೆ ಕೆಳಗಿನವರ ಕಥೆ ಬೇರೆ ಆಗ್ತಿತ್ತು ಅಂದೆ. ಅವನು ಕೇಳಿಸ್ಕೊಂಡ್ರೆ ತಾನೆ. ಈಟಿ ಯಾತರದ್ದು ಮಾಮ? ಬಿದಿರಿಂದು ಕಣೋ. ಸುಮಾರು ಒಂಬತ್ತಡಿ ಬಿದಿರು, ತುದೀಲಿ ಉಕ್ಕಿನ ಮೊನೆ. ಬಿದಿರು ಯಾಕೆ ಅಂದ್ರೆ ಹಗುರ, ತಗುಲಿದಾಗ ಬಾಗ್ತದೆ, ಫಟ್ ಅಂತ ಮುರಿಯಲ್ಲ. ಹುಡುಗ ಸ್ವಲ್ಪ ಹೊತ್ತು ಸುಮ್ನಿದ್ದ. ರಾಕೆಟ್ಟಿಗೂ ಬಿದಿರು, ಇದಕ್ಕೂ ಬಿದಿರು, ನಮ್ಮನೆ ಹಿತ್ತಲಲ್ಲಿ ಒಂದು ಮೆಳೆ ಇದೆಯಲ್ಲ ಮಾಮ ಅಂದ. ಅಲ್ಲಿಗೆ ಅಕ್ಕನ ಬಿದಿರುಮೆಳೆಗೆ ಗಂಡಾಂತರ ಗ್ಯಾರಂಟಿ ಆಯ್ತು.

ಸ್ವಾತಂತ್ರ್ಯ ಬಂದ್ಮೇಲೆ ಸಂಸ್ಥಾನದ ಪಡೆಗಳೆಲ್ಲ ಭಾರತೀಯ ಸೈನ್ಯಕ್ಕೆ ಸೇರಿದ್ವು. ಮೈಸೂರು ಇನ್‌ಫೆಂಟ್ರಿ ಮದ್ರಾಸ್ ರೆಜಿಮೆಂಟಿನ 18ನೇ ಬೆಟಾಲಿಯನ್ ಆಯ್ತು, ಕುದುರೆಯವರು ಬೇರೆ ಸಂಸ್ಥಾನದ ಕುದುರೆ ಪಡೆಗಳ ಜೊತೆ ಸೇರಿ 1953ರಲ್ಲಿ 61ನೇ ಕ್ಯಾವಲ್ರಿ ಆದ್ರು, ಜೈಪುರದಲ್ಲಿದೆ, ಈಗ್ಲೂ ಕುದುರೆನೇ.

ಸಂಜೆ ಮಲ್ಲೇಶ್ವರದಲ್ಲಿ ಒಂದು ದರ್ಶಿನಿ. ಹುಡುಗ ಗರಿಗರಿ ದೋಸೆನ ಮಧ್ಯಕ್ಕೆ ಮಡಿಚಿ, ಮಡಿಕೆ ಕೆಳಗೆ ಬರೋ ಹಾಗೆ ಹಿಡ್ಕೊಂಡು ಶ್ರೀಲಂಕಾ ಪಾಠ ಶುರು ಮಾಡ್ದ. ಅಲ್ಲಿ ತಮಿಳು ಬಂಡುಕೋರರು, ಎಲ್‌ಟಿಟಿಇ ಕಾಲದಲ್ಲಿ ರಸ್ತೆ ತುಂಬಾ ನೆಲಬಾಂಬು, ಸಾದಾ ಲಾರಿ ಹೋದ್ರೆ ಎಲ್ಲ ಖಲಾಸ್. ದಕ್ಷಿಣ ಆಫ್ರಿಕಾದಿಂದ ಬಫೆಲ್ ಅಂತ ಗಾಡಿ ತರ್ಸಿದ್ರು, ಹೊಟ್ಟೆ ಹಿಂಗೆ ದೋಸೆ ಥರ ವಿ ಶೇಪು, ಸಿಡಿತ ಕೆಳಗಿಂದ ಬಂದ್ರೆ ಎರಡೂ ಸೈಡಿಗೆ ಜಾರಿ ಹೋಗ್ತದೆ, ಒಳಗಿರೋರಿಗೆ ನೇರ ಪೆಟ್ಟಿಲ್ಲ. ಆಮೇಲೆ ದುಡ್ಡು ಕೊಟ್ಟು ತರ್ಸೋದೇನು ಅಂತ ಅವ್ರೇ ತಮ್ಮ ವರ್ಕ್‌ಶಾಪಲ್ಲಿ ಯೂನಿಕಾರ್ನ್, ಯೂನಿಬಫೆಲ್ ಅಂತ ಕಟ್ಕೊಂಡ್ರು. ಹೇಳ್ತಾ ಹೇಳ್ತಾ ದೋಸೆ ಕೆಳಗೆ ಬೆರಳಲ್ಲಿ ಢಂ ಅಂತ ಕುಟ್ಟಿದ, ಆಲೂಗಡ್ಡೆ ಪಲ್ಯ ಎರಡೂ ಸೈಡಿಗೆ ಹಾರಿ ನನ್ ಬಿಳಿ ಶರ್ಟಿಗೆ ಬಿತ್ತು. ನೋಡು, ಒಳಗಿರೋರಿಗೇನೂ ಆಗ್ಲಿಲ್ಲ ಅಂತಾನೆ.

ಮೂರನೇ ದಿನ

ಓಲ್ಡ್ ಏರ್‌ಪೋರ್ಟ್ ರೋಡಿನ ಎಚ್‌ಎಎಲ್ ಮ್ಯೂಸಿಯಂ. ವಿಮಾನ, ಎಂಜಿನ್ನು, ಫೋಟೋ, ಎಲ್ರೂ ನೋಡಿರ್ತೀರ, ಜಾಸ್ತಿ ಹೇಳಲ್ಲ. ಟ್ಯಾಂಕ್ ಇಲ್ವಾ ಅಂತ ಮುಖ ಊದಿಸ್ಕೊಂಡಿದ್ದ ಹುಡುಗ, ಮಾರುತ್ ಯುದ್ಧವಿಮಾನದ ಮುಂದೆ ನಿಲ್ಸಿ ಇದನ್ನ ಡಿಸೈನ್ ಮಾಡಿದ್ದೇ ಟ್ಯಾಂಕು ಅಂದೆ. ಏನೋ ತಮಾಷೆ ಅನ್ಕೊಂಡ. ನಿಜ ಕಣೋ, ಕುರ್ಟ್ ಟ್ಯಾಂಕ್ ಅಂತ ಜರ್ಮನಿಯವ್ರು, ಎರಡನೇ ಮಹಾಯುದ್ಧದಲ್ಲಿ ಫಾಕೆ ವುಲ್ಫ್ 190 ಅನ್ನೋ ಯುದ್ಧವಿಮಾನ ಮಾಡಿದೋರು, 1956ರಲ್ಲಿ ಬೆಂಗಳೂರಿಗೆ ಬಂದು ಕೂತು ಇದನ್ನ ಮಾಡಿದ್ರು, 1961ರಲ್ಲಿ ಮೊದಲ ಹಾರಾಟ. ನೋಟ್‌ಬುಕ್ಕಲ್ಲಿ ಭಾರತದ ಪೇಜಲ್ಲಿ ಬೆಂಗಳೂರು, ಟ್ಯಾಂಕ್ ಒಂದು ಅಂತ ಬರ್ಕೊಂಡ.

ಅಲ್ಲಿಂದ ಸಿ.ವಿ. ರಾಮನ್ ನಗರದ ಕಡೆ ಆಟೋದಲ್ಲಿ ಸುತ್ತು ಹಾಕ್ಸಿದೆ. ಎಲ್‌ಆರ್‌ಡಿಇ, ರೇಡಾರ್ ಡಿಸೈನ್ ಮಾಡೋ ಲ್ಯಾಬು, ಡಿಆರ್‌ಡಿಒ ಅನ್ನೋ ಸರ್ಕಾರದ ರಕ್ಷಣಾ ಸಂಶೋಧನಾ ಸಂಸ್ಥೆಯದ್ದು. ಒಳಗಂತೂ ಬಿಡಲ್ಲ, ಕಾಂಪೌಂಡ್ ನೋಡ್ಕೊಂಡು ಹೋಗೋದೇ, ಮೊಬೈಲ್ ಜೇಬಲ್ಲೇ ಇರ್ಲಿ ಅಂದೆ. ಕಾಂಪೌಂಡ್ ತೋರ್ಸೋಕೆ ಇಷ್ಟು ದೂರ ಬರ್ಬೇಕಿತ್ತಾ ಅಂತ ಮುನಿಸು. ಅರ್ಮೇನಿಯಾ ಪೇಜ್ ತೆಗಿ ಅಂದೆ. ಅರ್ಮೇನಿಯಾ ಅಂದ್ರೆ ಜನಸಂಖ್ಯೆ ಲೆಕ್ಕದಲ್ಲಿ ನಮ್ಮ ಬೆಂಗಳೂರಿನ ಒಂದು ಮೂಲೆ, ಸುಮಾರು 30 ಲಕ್ಷ. ಅವರ ಹತ್ರ ಸೋವಿಯತ್ ಕಾಲದ ಟ್ಯಾಂಕು, ಫಿರಂಗಿ, ಅದೇ ಹಳೇ ಸಾಮಾನು. ಅವ್ರು 2020ರ ಹೊತ್ತಿಗೆ ಇಲ್ಲಿಂದ ಶತ್ರು ಫಿರಂಗಿ ಎಲ್ಲಿದೆ ಅಂತ ಹುಡುಕೋ ಸ್ವಾತಿ ಅನ್ನೋ ರೇಡಾರು ನಾಲ್ಕು ತಗೊಂಡ್ರು, ಸುಮಾರು 4 ಕೋಟಿ ಡಾಲರ್ ವ್ಯವಹಾರ. ಡಿಸೈನು ಈ ಕಾಂಪೌಂಡಿನೊಳಗೆ, ತಯಾರಿ ಬಿಇಎಲ್ ಅನ್ನೋ ಸರ್ಕಾರಿ ಕಂಪನಿ. ಆಮೇಲೆ ಪಿನಾಕ ರಾಕೆಟ್ಟೂ ತಗೊಂಡ್ರು, ಅದು ಪುಣೆ ಕಡೆಯ ಡಿಸೈನು, 44 ಸೆಕೆಂಡಲ್ಲಿ 12 ರಾಕೆಟ್.

ಸ್ವಾತಿ ಹೆಂಗೆ ಕೆಲ್ಸ ಮಾಡ್ತದೆ ಅಂತ ನಂಗೆ ಹೇಳೋಕೆ ಬರ್ಲಿಲ್ಲ. ಸಂಜೆ ರಾಜಾಜಿನಗರದ ಮನೆ ಟೆರೇಸಲ್ಲಿ ಪಕ್ಕದ್ಮನೆ ಅಂಕಲ್ ಸಿಕ್ರು, ಫ್ಯಾಕ್ಟ್ರಿ ರಿಟೈರ್ಡು, ಲುಂಗಿ, ಕೈಲಿ ಕಾಫಿ ಲೋಟ. ಅಡುಗೆಮನೆಯಿಂದ ನಾಲ್ಕು ನಿಂಬೆಹಣ್ಣು ತಾ ಅಂದ್ರು. ನೀನು ಸಿಂಟೆಕ್ಸ್ ಟ್ಯಾಂಕಿನ ಹಿಂದೆ ಎಲ್ಲಾದ್ರೂ ಅಡಗಿಕೋ, ಅಲ್ಲಿಂದ ನನ್ ಕಡೆ ಎಸಿ. ಹುಡುಗ ಎಸೆದ. ನಿಂಬೆಹಣ್ಣು ಟ್ಯಾಂಕಿನ ಮೇಲಿಂದ ಕಮಾನಿನ ಥರ ಬಂತು, ಅದಿನ್ನೂ ಗಾಳೀಲಿರೋವಾಗ್ಲೇ ಅಂಕಲ್ ಟ್ಯಾಂಕಿನ ಎಡಮೂಲೇಲಿ ಕೂತಿದೀಯ ಅಂದ್ರು. ಕರೆಕ್ಟು. ಜಾಗ ಬದಲಾಯಿಸಿ ಇನ್ನೊಂದು ಎಸೆದ. ಈಗ ಬಟ್ಟೆ ಒಣಗಿಸೋ ಕಂಬದ ಹತ್ರ. ಅದೂ ಕರೆಕ್ಟು. ಗುಟ್ಟು ಏನಿಲ್ಲ ಕಣೋ, ಮೇಲೆ ಬಂದ ದಾರಿ ಸ್ವಲ್ಪ ಕಂಡ್ರೆ ಸಾಕು, ಅದನ್ನ ಹಿಂದಕ್ಕೆ ಎಳ್ಕೊಂಡು ಹೋದ್ರೆ ಕೈ ಸಿಗ್ತದೆ, ಮುಂದಕ್ಕೆ ಎಳೆದ್ರೆ ಬೀಳೋ ಜಾಗ ಸಿಗ್ತದೆ. ಸ್ವಾತಿ ಇದನ್ನೇ ಮಾಡೋದು, ಮಾರ್ಟರ್ ಅನ್ನೋ ಗಿಡ್ಡ ತೋಪಿನ ಗುಂಡಾದ್ರೆ 20 ಕಿಲೋಮೀಟರ್, ಫಿರಂಗಿ ಗುಂಡಾದ್ರೆ 30, ರಾಕೆಟ್ ಆದ್ರೆ 40ರ ತನಕ. ಶತ್ರು ಎರಡನೇ ಗುಂಡು ತುಂಬೋದ್ರೊಳಗೆ ಅವನ ಜಾಗಕ್ಕೆ ನಿನ್ ಗುಂಡು ಹೋಗ್ಬೇಕು.

ಗುಂಡು ಕಮ್ಮಿ ಇರೋರಿಗೆ ಇದು ಬೇಕೇ ಬೇಕು, ಸುಮ್ಸುಮ್ನೆ ಹಾರ್ಸೋ ಹಾಗಿಲ್ವಲ್ಲ ಅಂದ ಹುಡುಗ. ಅಂಕಲ್ ಲೋಟ ಕೆಳಗಿಟ್ಟು ಯಾವ ಸ್ಕೂಲಪ್ಪ ನಿಂದು ಅಂದ್ರು. ಮೂರನೇ ನಿಂಬೆಹಣ್ಣು ಮಾತ್ರ ಎದುರುಮನೆ ಕಾರಿನ ಮೇಲೆ ಬಿತ್ತು, ಅದರ ಮೂಲ ಕಂಡುಹಿಡಿಯೋಕೆ ಅವ್ರಿಗೆ ಯಾವ ರೇಡಾರೂ ಬೇಕಾಗ್ಲಿಲ್ಲ.

ನಾಲ್ಕನೇ ದಿನ

ರಾತ್ರಿ ರೈಲು, ಹಗಲು ಖಾಲಿ. ಮೆಜೆಸ್ಟಿಕ್ಕಲ್ಲಿ ಲೈನ್ ಚೇಂಜ್ ಮಾಡಿ ಹಲಸೂರು. ಕೆರೆ ಆ ಕಡೆ ಎಲ್ಲ ಎಂಇಜಿ, ಮದ್ರಾಸ್ ಎಂಜಿನಿಯರ್ ಗ್ರೂಪು, ಸೈನ್ಯದ ಎಂಜಿನಿಯರ್ ಪಡೆ, ಮುಂಚೆ ಮದ್ರಾಸ್ ಸ್ಯಾಪರ್ಸ್ ಅಂಡ್ ಮೈನರ್ಸ್ ಅಂತಿದ್ರು. ಗೇಟಿಂದಾಚೆ ನಮ್ಮಂಥೋರಿಗೆ ಜಾಗ ಇಲ್ಲ, ಕೆರೆ ದಂಡೇಲಿ ಬೆಂಚ್ ಹಿಡ್ಕೊಂಡು ಕಡಲೆಕಾಯಿ ತಿಂತಾ ಕೂತ್ವಿ.

ಇಲ್ಲಿನ ಸರಕು ಒಂದಿದೆ, ಜಗತ್ತಿನ ಎಷ್ಟೋ ಸೈನ್ಯಗಳು ಬಳಸಿದ್ದು, ಹೆಸರಲ್ಲೇ ಬೆಂಗಳೂರು ಇರೋದು, ಬ್ಯಾಂಗಲೂರ್ ಟಾರ್ಪಿಡೊ. 1912ರಲ್ಲಿ ಇಲ್ಲಿದ್ದ ಕ್ಯಾಪ್ಟನ್ ಮೆಕ್ಲಿಂಟಾಕ್ ಮಾಡಿದ್ದು. ಟಾರ್ಪಿಡೊ ಅಂದ್ರೆ ನೀರಲ್ಲಿ ಹೋಗೋದು ಅನ್ಕೋಬೇಡಿ. ಪೈಪು. ಪೈಪೊಳಗೆ ಸ್ಫೋಟಕ, ಒಂದು ಪೈಪಿನ ಬಾಲಕ್ಕೆ ಇನ್ನೊಂದು ಜೋಡಿಸ್ತಾ ಮುಂದೆ ತಳ್ಳೋದು, ತಂತಿ ಬೇಲಿ ಕೆಳಗೆ ತೂರಿಸಿ ಹೊಡೆದ್ರೆ ಬೇಲಿ ನಡುವೆ ದಾರಿ. ತಳ್ಳೋನು ದೂರದಲ್ಲೇ ನೆಲಕ್ಕೆ ಅಂಟ್ಕೊಂಡು ಮಲಗಿರ್ತಾನೆ. ಎರಡನೇ ಮಹಾಯುದ್ಧದಲ್ಲಿ 1944 ಜೂನ್ 6, ನಾರ್ಮಂಡಿ ತೀರದಲ್ಲಿ ಅಮೆರಿಕದವರು ತಂತಿ ಬೇಲಿ ಒಡೆದಿದ್ದು ಇದರಲ್ಲೇ. ಅಷ್ಟು ದುಡ್ಡಿರೋ ಅಮೆರಿಕದ ಹುಡುಗ್ರು ಜೀವ ಕೈಲಿಟ್ಕೊಂಡು ಬ್ಯಾಂಗಲೂರ್, ಬ್ಯಾಂಗಲೂರ್ ಪಾಸ್ ಮಾಡು ಅಂತ ಕೂಗಿರ್ತಾರಲ್ಲ, ನೆನೆಸ್ಕೊಂಡ್ರೆ ಒಂಥರಾ ಆಗ್ತದೆ.

ಹುಡುಗ ಬ್ಯಾಗಿಂದ ತನ್ನ ಪೈಪ್ ಪೀಸ್ ತೆಗೆದು ತೊಡೆ ಮೇಲೆ ಇಟ್ಕೊಂಡ. ಇದೂ ಪೈಪೇನಾ ಅಂದ. ಇದೂ ಪೈಪೇ. ಕೆರೇಲಿ ಒಂದು ಬೆಳ್ಳಕ್ಕಿ ನಿಂತಿತ್ತು, ಅದನ್ನ ಪೈಪೊಳಗಿಂದ ನೋಡಿದ, ನಂಗೂ ತೋರ್ಸಿದ.

ರಾತ್ರಿ ಸ್ಟೇಷನ್ನಲ್ಲಿ ಬ್ಯಾಗು ಮೆಷಿನ್ನೊಳಗೆ ಹೋಯ್ತು, ಬೆಲ್ಟು ನಿಂತು ಹಿಂದೆ ಬಂತು, ಮತ್ತೆ ಮುಂದೆ ಹೋಯ್ತು. ನನ್ ಎದೆ ಧಸಕ್ ಅಂತು. ಡ್ಯೂಟೀಲಿದ್ದೋರು ಇದೇನ್ರೀ ಇದು ಅಂದ್ರು, ಉತ್ತರ ಕರ್ನಾಟಕದ ಮಾತು. ರಾಕೆಟ್ ಅಂತ ಬಾಯಿ ತೆಗೆಯೋಕೆ ಹೊರಟಿದ್ದವನ ಭುಜ ಗಟ್ಟಿಯಾಗಿ ಹಿಡ್ಕೊಂಡು ನಲ್ಲಿ ಪೈಪ್ ಸಾರ್ ಅಂದೆ. ಅವ್ರು ಪೇಪರ್ ಬಿಚ್ಚಿ, ಬೆರಳಲ್ಲಿ ಟಣ್ ಅಂತ ತಟ್ಟಿ, ಒಂದು ಕಣ್ಣು ಮುಚ್ಚಿ ಪೈಪೊಳಗಿಂದ ಟ್ಯೂಬ್‌ಲೈಟ್ ನೋಡಿ, ಜಿಐ ತಗೊಂಡೀರಿ, ಚಲೋ ಅದ, ತುಕ್ಕು ಹಿಡಿಯಂಗಿಲ್ಲ ಅಂತ ವಾಪಸ್ ಕೊಟ್ರು.

ಅಪ್ಪರ್ ಬರ್ತಲ್ಲಿ ಮೊಬೈಲ್ ಬೆಳಕಲ್ಲಿ ಬರೀತಿದ್ದ, ಎದ್ದು ನಿಂತು ಇಣುಕಿ ನೋಡ್ದೆ. ಹೊಸ ಪೇಜು. ಮೈಸೂರು, ಟ್ಯಾಂಕ್ ಸೊನ್ನೆ, ಆಮೇಲೆ ಕುದುರೆ, ಪೈಪು, ಬಿದಿರು ಅಂತ ಮೂರು ಸಾಲು, ಎದುರಿಗೆ ಸಂಖ್ಯೆ ಹಾಕೋಕೆ ಜಾಗ ಬಿಟ್ಟಿದ್ದ. ಅರಸೀಕೆರೆ ಹತ್ರ ಪೈಪು ಬರ್ತಿಂದ ಉರುಳಿ ಢಣಾರ್ ಅಂತ ಕೆಳಗೆ ಬಿತ್ತು, ಕೆಳಗಿನ ಯಜಮಾನ್ರು ಏನ್ರೀ ಅದು ಅಂತ ಎದ್ದು ಕೂತ್ರು. ಏನಿಲ್ಲ ಮಲ್ಕೊಳ್ಳಿ ಅಂತ ಹೇಳಿ ಅದನ್ನ ನನ್ ದಿಂಬಿನ ಕೆಳಗೆ ಇಟ್ಕೊಂಡೆ.